ಭಾವೈಕ್ಯ ಸಾಕು, ಇನ್ಸಾಫು ಬೇಕು

ಕಲಬುರಗಿ ಸೀಮೆಯ ಯಾವ ವಿಚಾರ ಸಂಕಿರಣದಲ್ಲಿ ಕುಳಿತರೂ ಕನ್ನಡದ ಮುಸ್ಲಿಂ ಬರವಣಿಗೆಯ ಬಗ್ಗೆ ಒಂದು ತೀರ್ಪು ತಯಾರಾಗಿಯೇ ಇರುತ್ತದೆ: ನಮ್ಮ ಕಡೆಯ ಇಸ್ಲಾಂ ಸೂಫಿಗಳದ್ದು, ಕಲಬುರಗಿಯ ಬಂದೇನವಾಜರದ್ದು, ಆಳಂದದ ಲಾಡ್ಲೆ ಮಶಾಕರದ್ದು. ಅದರಲ್ಲಿ ಕಾರುಣ್ಯ ಇದೆ, ಭಾವೈಕ್ಯ ಇದೆ. ಬಂಡಾಯ ಸಾಹಿತ್ಯದ ಕಾಲಕ್ಕೆ ಕರಾವಳಿ ಮತ್ತು ಹಾಸನದ ಕಡೆಯಿಂದ ಬಂದ ಕತೆಗಾರ್ತಿಯರದ್ದು ಬರೀ ತಕರಾರು, ಮನೆಯ ಜಗಳವನ್ನು ಬೀದಿಗೆ ತಂದ ವರದಿಗಾರಿಕೆ. ಈ ಮಾತನ್ನು ಎಡದವರೂ ಆಡುತ್ತಾರೆ, ಜಮಾತಿನ ಹಿರಿಯರೂ ಆಡುತ್ತಾರೆ, ಅನುಭಾವದ ಹೆಸರೆತ್ತಿದರೆ ಕಣ್ಣು ಮುಚ್ಚುವ ಪ್ರಾಧ್ಯಾಪಕರೂ ಆಡುತ್ತಾರೆ. ಎಲ್ಲರಿಗೂ ಒಪ್ಪಿಗೆಯಾಗುವ ಮಾತಿನಲ್ಲಿ ಎಲ್ಲರಿಗೂ ಏನೋ ಒಂದು ಅನುಕೂಲ ಇದ್ದೇ ಇರುತ್ತದೆ. ಇಲ್ಲಿನ ಅನುಕೂಲ ಯಾವುದೆಂದರೆ, ಕಾರುಣ್ಯವನ್ನು ದರ್ಗಾದ ಪಾಲಿಗೆ ಬಿಟ್ಟುಕೊಟ್ಟರೆ ನ್ಯಾಯದ, ಅಂದರೆ ಇನ್ಸಾಫಿನ, ಲೆಕ್ಕವನ್ನು ಯಾರೂ ಯಾರಿಗೂ ಒಪ್ಪಿಸಬೇಕಾಗಿಲ್ಲ.

ಸೂಫಿ ಎಂದೊಡನೆ ಸೌಹಾರ್ದ ಎನ್ನುವ ಸಮೀಕರಣ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕದಲ್ಲಿ ಯೋಧ ಸೂಫಿಗಳಿದ್ದಾರೆ, ಕಟ್ಟುನಿಟ್ಟಿನ ಸುಧಾರಕರಿದ್ದಾರೆ, ಇನಾಮು ಭೂಮಿಯ ಮೇಲೆ ಬೇರೂರಿದ ಮನೆತನಗಳಿವೆ, ಎಲ್ಲವನ್ನೂ ಕೊಡವಿ ಎದ್ದುಹೋದ ದರವೇಶಿಗಳೂ ಇದ್ದಾರೆ. ಬಂದೇನವಾಜರು ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದೆಹಲಿ ಬಿಟ್ಟು ಕಡೆಗೆ ಕಲಬುರಗಿಗೆ ಬಂದು ನೆಲೆಸಿದರು. ಬಹಮನಿ ಸುಲ್ತಾನ ಫಿರೋಜ್ ಷಾನ ಮಗನಿಗೆ ಪಟ್ಟವಾಗುವುದನ್ನು ಒಪ್ಪದೆ ಅವನ ತಮ್ಮ ಅಹ್ಮದನ ಕಡೆ ನಿಂತರು. 1422ರಲ್ಲಿ ಅಹ್ಮದ್ ಗದ್ದುಗೆಗೆ ಬಂದ, ಅವರ ಮನೆತನಕ್ಕೆ ಭೂಮಿಯೂ ಬಂತು. ದೊಡ್ಡ ವಿದ್ವಾಂಸರು, ದೊಡ್ಡ ಗುರು, ಅನುಮಾನವಿಲ್ಲ. ಆದರೆ ಅರಮನೆಯ ರಾಜಕೀಯದಲ್ಲಿ ಕೈಯಿಟ್ಟ ಒಂದು ಸಂಸ್ಥೆಯನ್ನು ನಿರಾಕಾರ ಪ್ರೇಮದ ಪ್ರತಿಮೆ ಮಾಡಿ ಕೂರಿಸಿ, ಅದೇ ಅಳತೆಯಲ್ಲಿ ಇಂದಿನ ಕತೆಗಾರ್ತಿಯನ್ನು ಅಳೆಯುವುದು ಎಂಥ ವಿಮರ್ಶೆ? ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಬರೆದಾಗ ಊರೂರು ಅಲೆದು ವಿವರ ಕಲೆಹಾಕಿದರು. ಅವರ ಹಿಂದೆ ಬಂದ ಭಾಷಣಕಾರರು ವಿವರ ಬಿಟ್ಟು ಸಾರಾಂಶವನ್ನಷ್ಟೇ ಹೊತ್ತುಕೊಂಡರು.

ನರೋಣಾ, ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ, ಹರಕೆ ಹೊತ್ತು ಫಕೀರರಾಗುತ್ತಾರೆ, ರಿವಾಯತ ಹಾಡುತ್ತಾರೆ. ಇದನ್ನು ಅಲ್ಲಗಳೆಯುವುದು ಮೂರ್ಖತನ. ಇದರಿಂದಲೇ ನ್ಯಾಯವೂ ಸಿಕ್ಕೀತು ಎಂದು ನಂಬುವುದು ಅದಕ್ಕಿಂತ ದೊಡ್ಡ ಮೂರ್ಖತನ. ಆಳಂದದ ಲಾಡ್ಲೆ ಮಶಾಕ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗ ಇದೆ. ಭಾವೈಕ್ಯದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? 2022ರ ಶಿವರಾತ್ರಿಗೆ ಅಲ್ಲೇ ಕಲ್ಲು ತೂರಾಟವಾಯಿತು. 2025ರಲ್ಲಿ ಹದಿನೈದು ಜನ ಒಳಗೆ ಹೋಗಿ ಪೂಜೆ ಮಾಡಬಹುದೆಂದು ಹೈಕೋರ್ಟಿನ ಕಲಬುರಗಿ ಪೀಠ ಹೇಳಬೇಕಾಯಿತು. ಯಾರ ಹಕ್ಕು ಎಷ್ಟು, ಯಾವ ಹೊತ್ತಿಗೆ, ಎಷ್ಟು ಮಂದಿಗೆ ಎಂಬ ಒಣ ಪ್ರಶ್ನೆ ಎದ್ದಾಗ ಉರುಸಿನ ಸಂದಲು ಉತ್ತರ ಕೊಡಲಿಲ್ಲ, ಕೊಡುವಂಥದ್ದೂ ಅಲ್ಲ. ಒಟ್ಟಿಗೆ ಉಂಡವರು ಒಬ್ಬರಿಗೊಬ್ಬರು ಅನ್ಯಾಯ ಮಾಡುವುದಿಲ್ಲವೆಂದು ಎಲ್ಲಿಯೂ ಬರೆದಿಲ್ಲ.

ಇಸ್ಲಾಮಿನ ಮೂಲದಲ್ಲಿ ಈ ಒಣ ಪ್ರಶ್ನೆಗೆ ಇರುವ ಜಾಗವನ್ನು ನಮ್ಮ ಅನುಭಾವಪ್ರಿಯರು ನೋಡುವುದೇ ಇಲ್ಲ. ಕುರ್‌ಆನಿನ ನಿಸಾ ಅಧ್ಯಾಯದಲ್ಲಿ 105ನೆಯ ವಚನದಿಂದ ಮುಂದಕ್ಕೆ ಬರುವ ಭಾಗಕ್ಕೆ ವ್ಯಾಖ್ಯಾನಕಾರರು ಒಂದು ಕಳ್ಳತನದ ಹಿನ್ನೆಲೆ ಹೇಳುತ್ತಾರೆ. ಮದೀನಾದಲ್ಲಿ ತುಅಮಾ ಎಂಬ ಮುಸ್ಲಿಮನೊಬ್ಬ ನೆರೆಯವನ ಕವಚ ಕದ್ದ. ಕವಚ ಇದ್ದದ್ದು ಹಿಟ್ಟಿನ ಚೀಲದಲ್ಲಿ. ಚೀಲ ತೂತಾಗಿ ಹಿಟ್ಟು ದಾರಿಯುದ್ದಕ್ಕೂ ಸುರಿದು ಅವನ ಮನೆಯ ಜಾಡು ತೋರಿಸಿತು. ಅವನು ಕವಚವನ್ನು ಜೈದ್ ಎಂಬ ಯಹೂದಿಯ ಮನೆಯಲ್ಲಿ ಇಟ್ಟು ಆರೋಪ ಅವನ ತಲೆಗೆ ಕಟ್ಟಿದ. ತುಅಮಾನ ಕುಲದವರು, ಜಫರ್ ವಂಶದವರು, ರಾತ್ರೋರಾತ್ರಿ ಕೂಡಿ ಮಾತಾಡಿಕೊಂಡು ಪ್ರವಾದಿಯ ಬಳಿ ಬಂದರು: ನಮ್ಮವನ ಪರ ನಿಲ್ಲಿ, ಇಲ್ಲದಿದ್ದರೆ ನಮಗೆ ಅವಮಾನ, ಯಹೂದಿ ಗೆದ್ದುಬಿಡುತ್ತಾನೆ. ಬಂದ ವಚನ ಯಹೂದಿಯನ್ನು ನಿರ್ದೋಷಿ ಎಂದಿತು, ವಂಚಕರ ವಕೀಲನಾಗಬೇಡ ಎಂದು ಪ್ರವಾದಿಯನ್ನೇ ಎಚ್ಚರಿಸಿತು. ಮುಸ್ಲಿಂ ಸಮುದಾಯ ಇನ್ನೂ ಎಳೆಯದಾಗಿದ್ದ, ಸುತ್ತ ಶತ್ರುಗಳಿದ್ದ, ಒಗ್ಗಟ್ಟೇ ಬದುಕಾಗಿದ್ದ ಕಾಲದ ಮಾತು ಇದು. ಅದೇ ಅಧ್ಯಾಯದ 135ನೆಯ ವಚನ ತನ್ನ ವಿರುದ್ಧ, ತಂದೆತಾಯಿಯ ವಿರುದ್ಧ, ನೆಂಟರ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿ ಹೇಳಬೇಕೆನ್ನುತ್ತದೆ. ಮಾಯಿದಾ ಅಧ್ಯಾಯದ 8ನೆಯದು ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ಕದಲಿಸಬಾರದೆನ್ನುತ್ತದೆ. ಇನ್ನೂ ಹಿಂದಿನದು ಹಿಲ್ಫುಲ್ ಫುಜೂಲ್ ಒಪ್ಪಂದ. ಮಕ್ಕಾದ ಪ್ರಭಾವಿಯೊಬ್ಬ ಯಮನಿನ ವ್ಯಾಪಾರಿಗೆ ಸರಕಿನ ಹಣ ಕೊಡದೆ ಮೋಸಮಾಡಿದಾಗ, ಪರದೇಶಿಯ ಪರವಾಗಿ ನಿಲ್ಲುತ್ತೇವೆಂದು ಕೆಲವರು ಮಾಡಿದ ಆಣೆ ಅದು. ಇಸ್ಲಾಂ ಬರುವ ಮುಂಚಿನ, ಮುಸ್ಲಿಮರಲ್ಲದವರ ನಡುವಿನ ಆ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತೇನೆಂದು ಪ್ರವಾದಿ ಮುಂದೆ ಹೇಳಿದರೆಂದು ಪ್ರತೀತಿ. ಖೌಮಿನ, ಅಂದರೆ ಸಮುದಾಯದ, ಮಾನ ಮೊದಲು, ನ್ಯಾಯ ಆಮೇಲೆ ಎನ್ನುವವರು ತಾವು ಕಾಯುತ್ತಿರುವ ಧರ್ಮದ ಈ ಪುಟಗಳನ್ನು ಮಡಚಿಟ್ಟಿರುತ್ತಾರೆ.

ಈ ಪುಟಗಳನ್ನು ಕನ್ನಡದಲ್ಲಿ ಬಿಚ್ಚಿದವರು ಯಾರು ಎಂದು ಕೇಳಿದರೆ ನನ್ನ ಉತ್ತರ ಹಾಸನದ ಕತೆಗಾರ್ತಿ ಬಾನು ಮುಷ್ತಾಕ್. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಲಂಕೇಶ್ ಪತ್ರಿಕೆಗೆ ಕೊಟ್ಟು ದಾರಿ ತೆರೆದರು, ಬೊಳುವಾರು ಮಹಮದ್ ಕುಂಞಿ ಅದನ್ನು ಅಗಲ ಮಾಡಿದರು. ಆ ಋಣ ದೊಡ್ಡದು. ಆದರೆ ಸಾರಾ ಅವರ ನಾಯಕಿ ನಾದಿರಾಗೆ ಸಾವೊಂದೇ ಉತ್ತರ. ಬಾನು ಅವರ ಹೆಂಗಸರು ಸಾಯುವ ಮುಂಚೆ ಅರ್ಜಿ ಹಾಕುತ್ತಾರೆ. ವೃತ್ತಿಯಲ್ಲಿ ವಕೀಲರಾದ ಲೇಖಕಿಗೆ ಅರ್ಜಿಯ ಬೆಲೆ ಗೊತ್ತು. 'ಕರಿ ನಾಗರಗಳು' ಕತೆಯನ್ನು ತೆಗೆದುಕೊಳ್ಳಿ, ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಚಿತ್ರ ಮಾಡಿದ್ದು ಇದನ್ನೇ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಯಾಕೂಬ ಕೈಬಿಟ್ಟ ಅಶ್ರಫ್, ಜೀವನಾಂಶಕ್ಕಾಗಿ ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಮುಂದೆ ಮತ್ತೆ ಮತ್ತೆ ನಿಲ್ಲುತ್ತಾಳೆ. ಮುತವಲ್ಲಿ ಇಲ್ಲ ಎನ್ನುವುದಿಲ್ಲ. ಇಂದು ನಾಳೆ ಎನ್ನುತ್ತಾನೆ. ಕತೆಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಖಳನನ್ನು ಕ್ರೂರಿಯನ್ನಾಗಿ ಮಾಡಿದ್ದರೆ ಓದುಗ ಅವನ ಮೇಲೆ ಉಗುಳಿ ಹಗುರಾಗುತ್ತಿದ್ದ. ಈ ಮುತವಲ್ಲಿ ನಮ್ಮ ಪಂಚಾಯಿತಿಗಳಲ್ಲಿ, ಮಠಗಳ ಜಗುಲಿಯಲ್ಲಿ ದಿನಾ ಕಾಣುವ ಗೃಹಸ್ಥ. ಅವನ ಅಪರಾಧ ಮುಂದೂಡಿಕೆ. ತನ್ನವರ ಪೈಕಿ ಗಂಡಸಿನ ಮುಖ ಕೆಡಬಾರದೆಂಬ ಒಂದೇ ಕಾಳಜಿ ಅವನದು.

ಅಶ್ರಫ್‌ಗೆ ಅವಳ ಹಕ್ಕನ್ನು ತಿಳಿಸಿ ಹೇಳುವವಳು ಜುಲೇಖಾ ಬೇಗಂ, ಓದಿದ ಹೆಂಗಸು. ಅವಳು ಎತ್ತುವುದು ಭಾರತದ ಸಂವಿಧಾನವನ್ನಲ್ಲ, ಸ್ತ್ರೀವಾದದ ಗ್ರಂಥವನ್ನಲ್ಲ, ಶರೀಅತ್ತನ್ನೇ. ಕತೆಯ ವಾದ ಅಷ್ಟೂ ಇಸ್ಲಾಮಿನ ಒಳಗಿಂದಲೇ ನಡೆಯುತ್ತದೆ: ನೀವು ಯಾವ ಧರ್ಮದ ಹೆಸರಿನಲ್ಲಿ ಕುರ್ಚಿಯಲ್ಲಿ ಕೂತಿದ್ದೀರೋ ಅದರ ಪ್ರಕಾರವೇ ನೀವು ತಪ್ಪಿತಸ್ಥರು. ಅಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ, ಕಾಯಿಲೆಯ ಮಗು ಅಲ್ಲೇ ಸಾಯುತ್ತದೆ. ಆಮೇಲೆ ಮೊಹಲ್ಲಾದ ಹೆಂಗಸರು ಮುತವಲ್ಲಿ ಹಾದುಹೋದಲ್ಲೆಲ್ಲ ಶಾಪ ಹಾಕುತ್ತಾರೆ. ಇದನ್ನು ಅತಿಭಾವುಕ ಎಂದವರಿದ್ದಾರೆ. ಕೋರ್ಟಿಲ್ಲದವಳಿಗೆ, ಜಮಾತಿನಲ್ಲಿ ಓಟಿಲ್ಲದವಳಿಗೆ ಉಳಿದಿರುವ ಶಾಸನ ಶಾಪ ಒಂದೇ, ಉತ್ತರ ಕರ್ನಾಟಕದ ಯಾವ ಹಳ್ಳಿಯ ಮುದುಕಿಯೂ ಇದನ್ನು ವಿವರಿಸಿಯಾಳು. ಮುತವಲ್ಲಿಯ ಹೆಂಡತಿ ಅಮೀನಾ ಕೊನೆಗೆ ಗಂಡನನ್ನು ಕೇಳದೆ ಮಕ್ಕಳಾಗದ ಆಪರೇಷನ್‌ಗೆ ಹೊರಡುವುದಿದೆಯಲ್ಲ, ಅದು ಆ ಶಾಪದ ತೀರ್ಪು ಜಾರಿಯಾಗುವ ರೀತಿ. ಇಷ್ಟು ಚುರುಕಾಗಿ ಕಟ್ಟಿದ ಕತೆಯನ್ನು ವರದಿ ಎನ್ನುವವರು ವರದಿಯನ್ನೂ ಓದಿಲ್ಲ, ಕತೆಯನ್ನೂ ಓದಿಲ್ಲ. ಬಾನು ಅವರ ಎಲ್ಲ ಕತೆಗಳೂ ಈ ಮಟ್ಟದವಲ್ಲ, ಕೆಲವು ಭಾಷಣಕ್ಕೆ ಇಳಿಯುತ್ತವೆ. ಇರಲಿ, ಅನುಭಾವದ ಹಾಡುಗಳಲ್ಲೂ ಸವಕಲು ಪದಗಳಿಗೇನು ಕಡಿಮೆಯಿಲ್ಲ. ಅವಕ್ಕೆ ಮಾಫಿ ಇದೆ, ಇವಕ್ಕೆ ಇಲ್ಲ.

ತೂಕದ ಆಕ್ಷೇಪ ಒಂದಿದೆ, ಅದು ಕಲೆಯ ಆಕ್ಷೇಪವಲ್ಲ. ಮುತ್ತಿಗೆಯಲ್ಲಿರುವ ಸಮುದಾಯ ತನ್ನೊಳಗಿನ ಕೊಳಕನ್ನು ಬಯಲಿಗೆ ಹಾಕಿದರೆ ಅದು ವೈರಿಯ ಕೈಗೆ ಕೊಟ್ಟ ಕೋಲು ಎನ್ನುವ ಮಾತು. ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗದಲ್ಲಿ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ಮುಸ್ಲಿಮರ ಕಗ್ಗೊಲೆ ನಡೆಯಿತು. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಒಟ್ಟು ಸಾವನ್ನು 27ರಿಂದ 40 ಸಾವಿರ ಎಂದು ಅಂದಾಜಿಸಿತು, ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ, ಅಂದರೆ ಇಂದಿನ ಕಲಬುರಗಿಯೂ, ಒಂದು. ಅಂಥ ನೆನಪಿರುವ ಮನೆಗಳು ಒಗ್ಗಟ್ಟನ್ನು ಆಸರೆ ಎಂದುಕೊಂಡರೆ ಹೊರಗಿನವರು ಉಪದೇಶ ಹೇಳಲು ಹೋಗಬಾರದು. ಆದರೆ ಅದೇ ವರ್ಷದ ಆಗಸ್ಟನ್ನೂ ನೆನೆಯಬೇಕು. ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ನಿಜಾಮನ ಪರವಿದ್ದ ರಜಾಕಾರರ ದೌರ್ಜನ್ಯದ ವಿರುದ್ಧ ಬರೆದರು, ಸಂಸ್ಥಾನ ಭಾರತದೊಂದಿಗೆ ಸೇರಬೇಕೆಂದರು. 22ನೆಯ ತಾರೀಖು ರಜಾಕಾರರು ಅವರ ಕೈ ಕಡಿದು ಕೊಂದರು. ಕೊಲೆಗಾರರ ಬಾಯಲ್ಲಿದ್ದದ್ದೂ ಖೌಮಿನ ಒಗ್ಗಟ್ಟೇ. ರಜಾಕಾರರ ನಾಯಕ ಖಾಸಿಂ ರಜ್ವಿಯ ಒಗ್ಗಟ್ಟು ಹಿಂದೂಗಳನ್ನು ಕೊಂದಿತು, ಶೋಯಬುಲ್ಲಾರನ್ನು ಕೊಂದಿತು, ಕೊನೆಗೆ ತಾನು ಕುಸಿದುಬಿದ್ದು ಗುಲ್ಬರ್ಗದ ಬಡ ಮುಸ್ಲಿಮರನ್ನು ಸೇಡಿಗೆ ಒಡ್ಡಿತು. ಒಗ್ಗಟ್ಟು ಸಮುದಾಯವನ್ನು ಕಾಯುತ್ತದೆಂಬ ವಾದಕ್ಕೆ ಈ ನೆಲದ್ದೇ ಉತ್ತರ ಇದು: ಅನ್ಯಾಯವನ್ನು ಮುಚ್ಚಿಟ್ಟ ಒಗ್ಗಟ್ಟಿನ ದಂಡ ಕಟ್ಟಿದವರು ಅದರಲ್ಲಿ ಪಾಲಿಲ್ಲದವರು.

ಬಾನು ತಮ್ಮವರನ್ನು ಮಾತ್ರ ಕುಕ್ಕುತ್ತಾರೆ ಎನ್ನುವುದೂ ಸುಳ್ಳು. ಹೆಂಗಸರಿಗೆ ಮಸೀದಿ ಪ್ರವೇಶ ಬೇಕೆಂದಿದ್ದಕ್ಕೆ 2000ದಲ್ಲಿ ಅವರ ಕುಟುಂಬ ಸಾಮಾಜಿಕ ಬಹಿಷ್ಕಾರ ಉಂಡಿತು, ಚಾಕು ಹಿಡಿದವನೊಬ್ಬ ಅವರ ಮೇಲೆ ಎರಗಲೂ ಬಂದ. ಅದಾದ ಮೇಲೆ ಬಾಬಾಬುಡನ್‌ಗಿರಿಯ ದರ್ಗಾದಲ್ಲಿ ಮುಸ್ಲಿಮರ ಹಕ್ಕು ಕಸಿಯುವ ಯತ್ನ ನಡೆದಾಗ, ತಮ್ಮನ್ನು ಹೊರಗಿಟ್ಟ ಸಮುದಾಯದ ಪರವಾಗಿ ಅದೇ ಬಾನು ಬೀದಿಗಿಳಿದರು. ನ್ಯಾಯಕ್ಕೆ ನಿಂತವರಿಗೆ ಮಾತ್ರ ಇದು ಸಾಧ್ಯ. ಬಣಕ್ಕೆ ನಿಂತವರು ಇಷ್ಟು ಹೊತ್ತಿಗೆ ಬಣ ಬದಲಿಸಿರುತ್ತಿದ್ದರು. ಗಡಿಯಾಚೆಯ ಮರಾಠಿಯಲ್ಲಿ ಹಮೀದ್ ದಳವಾಯಿ 1970ರಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳ ಕಟ್ಟಿ ಹೊರಗಿನಿಂದ ಗುಡುಗಿದರು. ಧೀರ ಮನುಷ್ಯ, ಒಂಟಿಯಾಗಿ ಉಳಿದರು. ಬಾನು ಒಳಗೇ ಉಳಿದು ಗುಡುಗಿದ್ದಾರೆ, ಇದು ಹೆಚ್ಚು ಕಷ್ಟದ ಕೆಲಸ. 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯ ಹೆಸರಿಲ್ಲದ ಹೆಂಗಸು ದೇವರನ್ನೇ ಕಟಕಟೆಗೆ ಕರೆಯುವಾಗ ಅವಳು ಯಾವ ಮೊಹಲ್ಲಾದವಳೆಂದು ಯಾರಿಗೆ ಕೇಳಬೇಕೆನಿಸುತ್ತದೆ?

ಹಾಗಾಗಿ ಈ ಜಗಳ ಸೂಫಿಗೂ ಬಂಡಾಯಕ್ಕೂ ನಡುವಿನದಲ್ಲ, ಕನ್ನಡದ ಅಭಿರುಚಿಯದ್ದು. ಕನ್ನಡದ ಸಹೃದಯನಿಗೆ ಮುಸ್ಲಿಮ ಹಾಡಬೇಕು. ಶಿಶುನಾಳ ಶರೀಫನಂತೆ ಬೆಡಗಿನಲ್ಲಿ ಹಾಡಬೇಕು, ಗುರು ಗೋವಿಂದಭಟ್ಟರ ಪಕ್ಕದಲ್ಲಿ ಕೂತು ಹಾಡಬೇಕು. ಹಾಡು ಯಾರನ್ನೂ ಹೆಸರು ಹಿಡಿದು ಕರೆಯದಿದ್ದರೆ ಇನ್ನೂ ಒಳ್ಳೆಯದು. ಮುಸ್ಲಿಂ ಹೆಂಗಸೊಬ್ಬಳು ಗದ್ಯದಲ್ಲಿ, ಜೀವನಾಂಶದ ಲೆಕ್ಕ ಹಿಡಿದು, ಇಂಥ ಮುತವಲ್ಲಿ ಇಂಥ ತಪ್ಪು ಮಾಡಿದ ಎಂದರೆ ಅದು ಕಾವ್ಯವಲ್ಲ ಎಂದು ಮುಖ ಸಿಂಡರಿಸುತ್ತೇವೆ. ಲಿಂಗಾಯತ ಮಠದೊಳಗಿನ ಅನ್ಯಾಯವನ್ನೋ ಅಗ್ರಹಾರದ ಕೊಳೆಯನ್ನೋ ಬರೆದವರಿಗೆ ಒಪ್ಪಿಸಿದ ವಿಮರ್ಶೆಯ ಮರ್ಯಾದೆಯನ್ನು ಇವರಿಗೆ ಯಾಕೆ ಒಪ್ಪಿಸುವುದಿಲ್ಲ? ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಬ್ರಾಹ್ಮಣರ ಮನೆಯ ವರದಿ ಎಂದು ಗಂಭೀರ ವಿಮರ್ಶಕರು ತಳ್ಳಲಿಲ್ಲ. ಅಲ್ಪಸಂಖ್ಯಾತರಿಗೆ ಸೌಹಾರ್ದದ ಕೆಲಸ, ಬಹುಸಂಖ್ಯಾತರಿಗೆ ಆತ್ಮವಿಮರ್ಶೆಯ ಘನತೆ ಎಂದು ಹಂಚಿಕೊಟ್ಟವರು ಯಾರು?

2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು, ಸಣ್ಣಕತೆಗಳ ಸಂಕಲನಕ್ಕೆ ಅದು ಬಂದದ್ದು ಅದೇ ಮೊದಲು. ಅದೇ ವರ್ಷ ಸೆಪ್ಟೆಂಬರ್ 22ರ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಕರೆದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಯಿತು, ಅಲ್ಲಿ ಬಿತ್ತು. ಅವರು ಚಾಮುಂಡಿಗೆ ಹೂ ಹಾಕಬಹುದೇ ಎಂದು ಒಂದು ಬಣ ಕೇಳಿತು, ಹಾಕಿದರೆ ನಾಡಿನ ಭಾವೈಕ್ಯ ಎಷ್ಟು ಬೆಳಗುತ್ತದೆಂದು ಇನ್ನೊಂದು ಬಣ ಹೇಳಿತು. ವಾರಗಟ್ಟಲೆ ನಡೆದ ಆ ಚರ್ಚೆಯಲ್ಲಿ ಅವರು ಬರೆದ ಕತೆಗಳಿಗೆ ಜಾಗ ಸಿಕ್ಕಿದ್ದು ಕಡಿಮೆ, ಮುತವಲ್ಲಿಯ ಮಾತನ್ನಂತೂ ಎರಡೂ ಬಣ ಎತ್ತಲಿಲ್ಲ.