ಅದೇ ಆಂಪ್ ಬೇಕು, ಆದರೆ ಅದೇ ಬೇಡ

ಮಾರ್ಷಲ್ ಕಂಪನಿ ತನ್ನ ಜೆಸಿಎಂ800 2203 ಆಂಪ್ಲಿಫೈಯರನ್ನು ಮತ್ತೆ ತಯಾರಿಸಿದಾಗ ಅದಕ್ಕೊಂದು ಎಫೆಕ್ಟ್ಸ್ ಲೂಪ್ ಸೇರಿಸಿತು. ಡಿಲೇ, ರಿವರ್ಬ್ ಪೆಡಲುಗಳನ್ನು ಪ್ರೀಆಂಪ್ ಆದ ಮೇಲೆ ಸಿಕ್ಕಿಸುವ ಜಾಗ ಅದು. ಎಂಬತ್ತರ ದಶಕದ ಮೂಲ ಆಂಪಿನಲ್ಲಿ ಅದು ಇರಲಿಲ್ಲ. ಇಲ್ಲವಲ್ಲ ಅಂತ ಎಷ್ಟೋ ಜನ ಟೆಕ್ನಿಷಿಯನ್ ಹತ್ತಿರ ಹೋಗಿ, ಷಾಸಿಗೆ ತೂತು ಕೊರೆಸಿ ಹಾಕಿಸಿಕೊಂಡಿದ್ದರು. ಈಗ ಕಂಪನಿಯೇ ಹಾಕಿಕೊಟ್ಟರೆ ಗೊಣಗಾಟ ಶುರು: ಲೂಪ್ ಟೋನ್ ತಿನ್ನುತ್ತದಂತೆ! ಬೇಡವಾದರೆ ಲೂಪನ್ನು ಪಕ್ಕಕ್ಕಿಡಲು ಒಂದು ಸ್ವಿಚ್ಚೂ ಇದೆ, ಆದರೂ.

ನಕ್ಕು ಸುಮ್ಮನಾಗಬಹುದು. ಆದರೆ ಇಂಥ ಒಂದು ರೀಇಶ್ಯೂ ಕೊಳ್ಳುವುದು ಲಕ್ಷಗಳ ವ್ಯವಹಾರ. ಅಷ್ಟು ದುಡ್ಡು ಕೊಡುವವರಿಗೆ ನಿಜಕ್ಕೂ ಬೇಕಿರುವುದೇನು ಅಂತ ಕೇಳಲೇಬೇಕು.

'ಮೂಲದ ಹಾಗೇ ಇರಬೇಕು' ಅನ್ನುವುದು ಮೊದಲ ಉತ್ತರ. ಯಾವ ಮೂಲ, ಸ್ವಾಮಿ? ಇಂಗ್ಲೆಂಡಿನಲ್ಲಿ ಮಾರಾಟವಾದ 2203ಗಳಲ್ಲಿ ಇಎಲ್34 ಟ್ಯೂಬುಗಳಿದ್ದವು. ಅಮೆರಿಕಕ್ಕೆ ಹೋದ ಬಹಳಷ್ಟರಲ್ಲಿ 6550 ಇದ್ದವು. ಒಂದೇ ಹೆಸರು, ಎರಡು ಸ್ವಭಾವ: ಮೊದಲನೆಯದು ಮಧ್ಯಸ್ವರದಲ್ಲಿ ಕೊಂಚ ಮೊದಲೇ ಒರಟಾಗುತ್ತದೆ, ಎರಡನೆಯದು ಬಿಗಿಯಾಗಿ, ದಪ್ಪಗೆ ನಿಲ್ಲುತ್ತದೆ. ಕೈಯಲ್ಲೇ ತಂತಿ ಬೆಸೆದದ್ದು ಬೇಕು ಅನ್ನುವವರಿಗೂ ಒಂದು ಮಾತು. 2203 ಮೊದಲಿಂದಲೂ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಮೇಲೇ ಬಂದದ್ದು. ಇನ್ನು 40 ವರ್ಷ ಹಳೆಯ ಆಂಪಿನೊಳಗಿನ ಕೆಪಾಸಿಟರುಗಳು ಒಣಗಿರುತ್ತವೆ, ಇಲ್ಲವೇ ಬದಲಾಗಿರುತ್ತವೆ. ಇವತ್ತು ಅದು ನುಡಿಯುವುದು 1982ರಲ್ಲಿ ನುಡಿದ ಹಾಗಲ್ಲ.

ನನಗನ್ನಿಸುವುದು, ಹುಡುಗರು ಹುಡುಕುತ್ತಿರುವುದು ಆಂಪನ್ನಲ್ಲ, ರೆಕಾರ್ಡನ್ನು. ಮೆಸಾ ಬೂಗಿಯವರ ಮಾರ್ಕ್ IIಸಿ+ ಅಂದರೆ ಎಲ್ಲರ ಕಿವಿಯಲ್ಲೂ ಮೊಳಗುವುದು 1986ರ 'ಮಾಸ್ಟರ್ ಆಫ್ ಪಪೆಟ್ಸ್'. ಆ ಗೋಡೆಯಂಥ ಸದ್ದಿನಲ್ಲಿ ಆಂಪಿನ ಪಾಲು ದೊಡ್ಡದು ನಿಜ. ಆದರೆ ಒಂದೇ ರಿಫ್ಫನ್ನು ಕೂದಲೆಳೆ ತಪ್ಪದೆ ಮತ್ತೆ ಮತ್ತೆ ನುಡಿಸಿ ಪದರ ಪದರವಾಗಿ ಪೇರಿಸಿದ ಬಲಗೈ ಇದೆಯಲ್ಲ, ಅದು ಯಾವ ಡಬ್ಬದಲ್ಲೂ ಬರುವುದಿಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಿದವರ ಎದೆಗೆ ಗುದ್ದಿದ್ದು ಕೂಡ ಕ್ರೇನಿನಲ್ಲಿ ತೂಗುಹಾಕುವಂಥ ಪಿ.ಎ. ಸ್ಪೀಕರುಗಳು, ಗಿಟಾರ್ ಕ್ಯಾಬಿನೆಟ್ಟಲ್ಲ.

ಹಾಗಂತ ಎಲ್ಲ ಭ್ರಮೆ ಅಂತ ಕೈ ತೊಳೆದುಕೊಳ್ಳಲು ನಾನು ತಯಾರಿಲ್ಲ. ಸರ್ಕ್ಯೂಟಿನಲ್ಲಿ ನಿಜವಾದ ಸಂಗತಿಗಳಿವೆ, ಮೆಸಾದ ರೀಇಶ್ಯೂ ನನಗೆ ಇಷ್ಟವಾಗುವುದೇ ಅಲ್ಲಿ. ಮಾರ್ಕ್ ಸರಣಿಯಲ್ಲಿ ಬಾಸ್, ಮಿಡಲ್, ಟ್ರೆಬಲ್ ನಾಬುಗಳು ಡಿಸ್ಟಾರ್ಷನ್ ಹುಟ್ಟುವುದಕ್ಕೆ ಮುಂಚೆಯೇ ಕೂತಿವೆ. ಬಾಸ್ ಜಾಸ್ತಿ ಮಾಡಿದಿರೋ, ಮುಂದಿನ ಟ್ಯೂಬುಗಳು ಆ ಕೆಳಸ್ವರದಲ್ಲೇ ಮುಳುಗಿ ಎಲ್ಲ ಗಂಜಿಯಾಗುತ್ತದೆ. ಅದಕ್ಕೇ ಬಲ್ಲವರು ಬಾಸನ್ನು ಸೊನ್ನೆಯ ಹತ್ತಿರ ಇಟ್ಟು, ಕೊನೆಯಲ್ಲಿರುವ ಐದು ಪಟ್ಟಿಯ ಗ್ರಾಫಿಕ್ ಈಕ್ವಲೈಜರಿನಲ್ಲಿ ನಡು ತಗ್ಗಿಸಿ, ಎರಡು ಕಡೆ ಏರಿಸಿ, ಕೆಳಸ್ವರವನ್ನು ವಾಪಸ್ ತರುತ್ತಾರೆ. ಮೊದಲ ಸಲ ಕೂತವರಿಗೆ ಇದು ತಲೆಕೆಳಗಾದ ವ್ಯವಸ್ಥೆ. ಆದರೆ ಆ ಬಿಗಿ, ಪಾಮ್ ಮ್ಯೂಟ್ ಮಾಡಿದಾಗ ಠಕ್ ಅಂತ ನಿಲ್ಲುವ ಗುಣ, ಹುಟ್ಟುವುದು ಇಲ್ಲಿಂದಲೇ. ಅನನುಕೂಲವೂ ಸದ್ದೂ ಒಂದೇ ತಂತಿಯ ಎರಡು ತುದಿ. ಮೆಸಾ ಅದನ್ನು 'ಸರಿಪಡಿಸಲು' ಹೋಗಲಿಲ್ಲ. ಒಳ್ಳೆಯ ಹಟ.

2203ರಲ್ಲಿ ಇದು ಉಲ್ಟಾ: ಗೇನ್ ಮೊದಲು, ಟೋನ್ ನಾಬುಗಳು ಆಮೇಲೆ. ಆದ್ದರಿಂದಲೇ ಮೆಟಲ್ ನುಡಿಸುವವರು ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಇಟ್ಟು ಕೆಳಸ್ವರ ಕತ್ತರಿಸಿ ಒಳಗೆ ಕಳಿಸುತ್ತಾರೆ. ಮಾಸ್ಟರ್ ವಾಲ್ಯೂಮ್ ಇರುವುದು ಅದರ ನಂತರ, ಫೇಸ್ ಇನ್ವರ್ಟರಿಗೆ ಮುಂಚೆ. ಅದನ್ನು ಒಂದಕ್ಕೆ ಇಳಿಸಿದರೆ ಪವರ್ ಟ್ಯೂಬುಗಳು ನಿದ್ದೆ ಹೋಗುತ್ತವೆ, ಉಳಿಯುವುದು ಜೇನುನೊಣದ ಗುಂಯ್‌ಗುಟ್ಟುವಿಕೆ. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಕೇಳಿ 'ರೀಇಶ್ಯೂ ಮೂಲದ ಹಾಗಿಲ್ಲ' ಅಂತ ತೀರ್ಪು ಕೊಡುವವರಿದ್ದಾರೆ. ಮೂಲ ತಂದಿಟ್ಟರೂ ಅಲ್ಲಿ ಕೇಳುವುದು ಅದೇ ಗುಂಯ್.

ಇದಕ್ಕೆ ಕಂಪನಿಗಳ ಉತ್ತರ ವ್ಯಾಟೇಜ್ ಇಳಿಸುವುದು. ಮಾರ್ಷಲ್ಲಿನ ಸ್ಟುಡಿಯೋ ಕ್ಲಾಸಿಕ್ 20 ವ್ಯಾಟಿನದು, ಸ್ವಿಚ್ ಒತ್ತಿದರೆ 5. ಚೆನ್ನಾಗಿದೆ, ಆದರೆ ಲೆಕ್ಕ ಹಾಕಿ. 100 ವ್ಯಾಟನ್ನು 50 ಮಾಡಿದರೆ ಇಳಿಯುವುದು ಬರೀ 3 ಡೆಸಿಬಲ್. ಸೆಲೆಸ್ಚಿಯನ್ ವಿಂಟೇಜ್ 30 ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುತ್ತದೆ. 5 ವ್ಯಾಟಿಗೆ 107. ಪಕ್ಕದ ಮನೆ ಆಂಟಿ ಬಾಗಿಲು ತಟ್ಟಲು ಅಷ್ಟು ಧಾರಾಳ ಸಾಕು. ಮಲಗುವ ಕೋಣೆಗೆ ಬೇಕಿರುವುದು ಚಿಕ್ಕ ಆಂಪಲ್ಲ, ಕಡಿಮೆ ಸದ್ದಿನಲ್ಲೂ ಪವರ್ ಟ್ಯೂಬುಗಳನ್ನು ದುಡಿಸುವ ಒಳ್ಳೆಯ ಅಟೆನ್ಯುಯೇಟರ್. ಅದನ್ನು ಒಳಗೇ ಕೊಡುವ ಧೈರ್ಯವನ್ನು ರೀಇಶ್ಯೂ ಮಾಡುವವರಲ್ಲಿ ಹೆಚ್ಚಿನವರು ತೋರಿಲ್ಲ, ಯಾಕೆಂದರೆ ಮುಂಭಾಗದಲ್ಲಿ ಒಂದು ನಾಬ್ ಹೆಚ್ಚಾದರೂ 'ಇದು ಅದಲ್ಲ' ಅನ್ನುತ್ತಾರಲ್ಲ!

ಸೋಲ್ಡಾನೋ ಎಸ್‌ಎಲ್‌ಒ-100 ಈ ವಿಷಯದಲ್ಲಿ ಜಾಣತನ ತೋರಿದೆ. 1987ರ ಆಂಪಿನ ಪ್ರೀಆಂಪನ್ನು ಹಾಗೇ ಬಿಟ್ಟು, ದೂರು ಬರುತ್ತಿದ್ದ ಎಫೆಕ್ಟ್ಸ್ ಲೂಪನ್ನು ಬದಲಿಸಿದರು. ಜನ ತಾವೇ ಹಾಕಿಸಿಕೊಳ್ಳುತ್ತಿದ್ದ ಡೆಪ್ತ್ ನಾಬನ್ನೂ ಕೊಟ್ಟರು. ಗೇನ್ ಹುಟ್ಟುವಲ್ಲಿ ಕೈ ಆಡಿಸಬೇಡಿ, ಅದರಾಚೆ ಬೇಕಾದ್ದು ಮಾಡಿ: ನನ್ನ ಅಳತೆಗೋಲು ಇದೇ.

ಪೀವಿ 5150ಯದು ಬೇರೆ ಕಥೆ. ಎಡ್ಡಿ ವ್ಯಾನ್ ಹೇಲನ್ 2004ರಲ್ಲಿ ಹೊರನಡೆದ ಮೇಲೆ ಅದೇ ಆಂಪ್ 6505 ಅಂತ ಹೆಸರು ಬದಲಿಸಿಕೊಂಡು ಮುಂದುವರಿಯಿತು. ಆದರೂ ಹಳೇ ಅಕ್ಷರದ ಲೋಗೋ ಇರುವ ಮೊದಲ ಪೆಟ್ಟಿಗೆಗಳಿಗೇ ಹೆಚ್ಚು ಬೆಲೆ! ಪವರ್ ಟ್ಯೂಬುಗಳ ಬಯಾಸ್ ಹೊಂದಿಸಲು ಅದರಲ್ಲಿ ತಿರುಪೇ ಇರಲಿಲ್ಲ, ಟ್ಯೂಬುಗಳು ತಣ್ಣಗೇ ಓಡುತ್ತಿದ್ದವು. ಕೆಲವರಿಗೆ ಅದು ದೋಷ, ಕೆಲವರಿಗೆ ಆ ಗರಗಸದ ಸದ್ದಿನ ಗುಟ್ಟು.

ನೀವು ಕೊಳ್ಳುವವರಾದರೆ ಕೆಪಾಸಿಟರಿನ ಬಣ್ಣ ಆಮೇಲೆ ನೋಡಿ. ಮೊದಲು ಕೇಳಬೇಕಾದ್ದು: ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹೊಂದುತ್ತದೆಯೇ, ಬಯಾಸ್ ಅಳೆಯಲು ಹೊರಗೆ ಪಾಯಿಂಟ್ ಇದೆಯೇ, ಟ್ಯೂಬ್ ಸಾಕೆಟ್ ಸುಟ್ಟರೆ ಇಡೀ ಬೋರ್ಡ್ ಬಿಚ್ಚಬೇಕೇ. 2022ರಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ಟ್ಯೂಬಿಗಾಗಿ ಜಗತ್ತಿನ ಗಿಟಾರಿಸ್ಟುಗಳೆಲ್ಲ ಪರದಾಡಿದ್ದು ನೆನಪಿರಬಹುದು. ಒಂದು ಜೋಡಿ ಸೆಟ್ ಕಪಾಟಿನಲ್ಲಿರಲಿ.