ಹೆಣ ಯಾರ ಸರಹದ್ದಿನದು?

'ದಿ ವೈರ್' ಸೀರಿಯಲ್ಲಿನ ಎರಡನೇ ಸೀಸನ್ನಿನ ಶುರುವಲ್ಲೇ ಬಾಲ್ಟಿಮೋರ್ ಬಂದರಿನ ನೀರಲ್ಲಿ ಒಬ್ಬ ಹೆಂಗಸಿನ ಹೆಣ ಸಿಗುತ್ತೆ. ಕೇಸು ಪಕ್ಕದ ಬಾಲ್ಟಿಮೋರ್ ಕೌಂಟಿಗೆ ಹೋಗುತ್ತೆ, ನಗರ ಪೊಲೀಸಿನ ರಾಲ್ಸ್ ಸಾಹೇಬರಿಗೆ ಪೀಡೆ ತೊಲಗಿದ ಖುಷಿ. ದೋಣಿ ಡ್ಯೂಟಿಗೆ ಎತ್ತಂಗಡಿಯಾದ ಮಕ್‌ನಲ್ಟಿ ಸುಮ್ಮನಿರಬೇಕಲ್ಲ! ಉಬ್ಬರ-ಇಳಿತದ ಲೆಕ್ಕ ಹಾಕಿ, ಆಕೆ ನೀರಿಗೆ ಬಿದ್ದದ್ದು ನಗರದ ಸರಹದ್ದಿನೊಳಗೇ ಅಂತ ತೋರಿಸಿ, ಹೆಣವನ್ನು ವಾಪಸ್ ಸಾಹೇಬರ ತಲೆಗೆ ಕಟ್ಟುತ್ತಾನೆ.

ನಾನೂ ನಕ್ಕೆ. ಆದರೆ 2002ರಿಂದ 2008ರವರೆಗೆ ಬಂದ ಅಷ್ಟೂ 60 ಕಂತು ನೋಡಿ ಮುಗಿಸಿದ ಮೇಲೆ ನನ್ನ ತಕರಾರು ಇದೇ ಗೆರೆಯ ಬಗ್ಗೆ. ಸೀರಿಯಲ್ಲು ಅದನ್ನು ಬರೀ ತಮಾಷೆಗೆ ಬಳಸಿಕೊಂಡು ಮುಂದೆ ಹೋಗಿಬಿಡ್ತು.

ಏನಿದು ಗೆರೆ? ನಮ್ಮಲ್ಲಿ ಪಾಲಿಕೆ ಬೇರೆ, ಡೀಸಿ ಆಫೀಸು ಬೇರೆ. ಬಾಲ್ಟಿಮೋರ್ ನಗರ 1851ರಲ್ಲಿ ಕೌಂಟಿಯಿಂದ ಹಿಸೆಯಾಗಿ, ಎರಡರ ಕೆಲಸವನ್ನೂ ತಾನೇ ಹೊತ್ತುಕೊಂಡಿತು. ಕೋರ್ಟು, ಶೆರಿಫ್, ಸರ್ಕಾರಿ ವಕೀಲ ಎಲ್ಲ ನಗರದ್ದೇ. ಆಗ ಇದು ದೊಡ್ಡಸ್ತಿಕೆಯೇ ಇದ್ದೀತು. ಆಮೇಲೆ ಅದೇ ಬೇಲಿಯಾಯ್ತು. 1918ರ ನಂತರ ನಗರ ಒಂದಿಂಚೂ ಬೆಳೆದಿಲ್ಲ. ಸೇರಿಸಿಕೊಳ್ಳುವ ಜಾಗದ ಜನರ ಒಪ್ಪಿಗೆ ಬೇಕೇಬೇಕು ಅಂತ 1948ರಲ್ಲಿ ತಿದ್ದುಪಡಿ ಬಂತು. ನಗರದ ಆಸ್ತಿ ತೆರಿಗೆ ದರ ಕೌಂಟಿಯ ಸುಮಾರು ಎರಡರಷ್ಟಿರುವಾಗ ಯಾರು ಒಪ್ತಾರೆ, ಹೇಳಿ? 1950ರಲ್ಲಿ ಒಂಬತ್ತೂವರೆ ಲಕ್ಷ ಇದ್ದ ನಗರದ ಜನಸಂಖ್ಯೆ 2020ಕ್ಕೆ 5.85 ಲಕ್ಷ. ಬೇಲಿಯಾಚೆ ಕೌಂಟಿಯಲ್ಲಿ ಎಂಟೂವರೆ ಲಕ್ಷ.

ಈಗ ನಾಲ್ಕನೇ ಸೀಸನ್ ನೆನಪಿಸಿಕೊಳ್ಳಿ. ಹೊಸ ಮೇಯರ್ ಕಾರ್ಕೆಟ್ಟಿಗೆ ಶಾಲೆಗಳ ಲೆಕ್ಕದಲ್ಲಿ 5.4 ಕೋಟಿ ಡಾಲರ್ ತೂತು ಕಾಣುತ್ತೆ. ಅನಾಪೊಲಿಸ್‌ಗೆ ಹೋಗಿ ಗವರ್ನರ್ ಬಾಗಿಲಲ್ಲಿ ಕಾದು ಕೂತು, ಕೊನೆಗೆ ತನ್ನ ಮುಂದಿನ ಚುನಾವಣೆಗೆ ಪೆಟ್ಟು ಬೀಳುತ್ತೆ ಅಂತ ದುಡ್ಡನ್ನೇ ಬೇಡ ಅಂತಾನೆ. ಐದನೇ ಸೀಸನ್ನಿನಲ್ಲಿ ಪೊಲೀಸರ ಓವರ್‌ಟೈಮಿಗೂ ಕಾಸಿಲ್ಲ. ಒಬ್ಬನ ಮಹತ್ವಾಕಾಂಕ್ಷೆ ಊರಿಗೆ ಹೇಗೆ ಮುಳುವಾಗುತ್ತೆ ಅನ್ನೋದನ್ನ ಇಷ್ಟು ಚೆನ್ನಾಗಿ ಬೇರೆಲ್ಲೂ ನೋಡಿಲ್ಲ, ನಿಜ. ಆದರೆ ಖಜಾನೆ ಮೊದಲೇ ಯಾಕೆ ಬರಿದಾಗಿತ್ತು? ತೆರಿಗೆ ಕಟ್ಟೋರು ಬೇಲಿ ದಾಟಿಹೋಗಿದ್ದರು. ಆ ಹುಡುಗರು ಯಾರ ಹೊಣೆಯೂ ಅಲ್ಲದಂತಾಗಿದ್ದು ಅಲ್ಲಿ. ಬಾಲ್ಟಿಮೋರ್ ಸನ್ ಪತ್ರಿಕೆಯಲ್ಲಿ ದುಡಿದ ಡೇವಿಡ್ ಸೈಮನ್‌ಗೆ, ಪೊಲೀಸಾಗಿ ಆಮೇಲೆ ಮೇಷ್ಟ್ರಾದ ಎಡ್ ಬರ್ನ್ಸ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಹೇಳಿದ್ದರೆ ಪಾಠವಾಗ್ತಿತ್ತು ಅನ್ನೋ ವಾದ ನಾನೊಪ್ಪಲ್ಲ. ಅಂಕಿಅಂಶದ ಮೀಟಿಂಗುಗಳನ್ನೇ ಉಸಿರು ಬಿಗಿಹಿಡಿದು ನೋಡೋ ಹಾಗೆ ಮಾಡಿದವರು ಇವರು.

ಇನ್ನೊಂದಿದೆ. ಕೌಂಟಿಯ ಅಧಿಕಾರವೆಲ್ಲ ಇದ್ದ ಈ ನಗರಕ್ಕೆ ತನ್ನ ಪೊಲೀಸರೇ ಕಾಯಿದೆ ಪ್ರಕಾರ ತನ್ನವರಾಗಿರಲಿಲ್ಲ! 1860ರಿಂದಲೂ ಅದು ರಾಜ್ಯದ ಸಂಸ್ಥೆ. ಅದನ್ನು ನಗರಕ್ಕೆ ತರೋಕೆ ಜನ 2022ರಲ್ಲಿ, ಮತ್ತೆ 2024ರಲ್ಲಿ ಮತ ಹಾಕಬೇಕಾಯ್ತು. ಕಮಿಷನರನ್ನು ಬುಗುರಿ ಥರ ಆಡಿಸೋ ಮೇಯರುಗಳನ್ನು ತೋರಿಸಿದ ಸೀರಿಯಲ್ಲು, ಇಂಥ ವ್ಯಂಗ್ಯ ಕೈಯಲ್ಲಿದ್ದೂ ಹಾಗೇ ಬಿಟ್ಟುಬಿಟ್ಟಿತು.