ವಕಾಂಡಾದಲ್ಲಿ ಎಲೆಕ್ಷನ್ ಯಾವಾಗ?

2018ರ 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾ ನೋಡದವರು ನಮ್ಮ ಆಫೀಸುಗಳಲ್ಲಿ ಕಮ್ಮಿ. ರಯಾನ್ ಕೂಗ್ಲರ್ ಕಟ್ಟಿದ ವಕಾಂಡಾ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆಫ್ರಿಕಾ ಅಂದ್ರೆ ಬರ, ಯುದ್ಧ ಅಷ್ಟೇ ಅಂದುಕೊಂಡವರ ಬಾಯಿ ಮುಚ್ಚಿಸಿದ ಸಿನಿಮಾ ಅದು. ನನ್ನ ತಕರಾರು ಇರೋದು ಆ ದೇಶದ ಆಡಳಿತದ ಬಗ್ಗೆ.

ಬೆನ್ನುಮೂಳೆಗೆ ಬಿದ್ದ ಗುಂಡೇಟನ್ನು ಒಂದೇ ದಿನದಲ್ಲಿ ವಾಸಿಮಾಡೋ ಲ್ಯಾಬ್ ಇರುವ ದೇಶ, ರಾಜ ಯಾರಾಗಬೇಕು ಅನ್ನೋದನ್ನು ತೀರ್ಮಾನಿಸೋದು ಜಲಪಾತದ ಅಂಚಿನ ಕಾಳಗದಲ್ಲಿ! ಗೆದ್ದವನ ಕೈಗೆ ಇಡೀ ದೇಶದ ಅಡ್ಮಿನ್ ಪಾಸ್‌ವರ್ಡ್. ಕಿಲ್‌ಮಾಂಗರ್ ಗೆದ್ದು, ಆಯುಧಗಳನ್ನು ಹೊರದೇಶಗಳಿಗೆ ಕಳಿಸಿ ಅಂದಾಗ ತಡೆಯೋಕೆ ಒಂದು ಕಾನೂನೂ ಇಲ್ಲ. ಹಿರಿಯರ ಸಭೆ ಇದ್ದೂ ಇಲ್ಲದ ಹಾಗೆ. ಕೊನೆಗೆ ಪರಿಹಾರ ಏನು? ಇನ್ನೊಂದು ಹೊಡೆದಾಟ.

ನಿಜವಾದ ಆಫ್ರಿಕಾದ ಅರಸೊತ್ತಿಗೆಗಳು ಇದಕ್ಕಿಂತ ಜಾಣತನ ತೋರಿಸಿವೆ. ಇವತ್ತಿನ ಘಾನಾದಲ್ಲಿರುವ ಅಸಾಂಟೆ ರಾಜ್ಯವನ್ನೇ ನೋಡಿ. ಅಲ್ಲಿ ಹೊಸ ಅರಸನ ಹೆಸರು ಸೂಚಿಸೋದು ರಾಜಮಾತೆ, ಅದನ್ನು ಮುಖಂಡರು ಒಪ್ಪಬೇಕು. ದಾರಿ ತಪ್ಪಿದವನನ್ನು ಇಳಿಸಲೂಬಹುದು. 1874ರಲ್ಲಿ ಕೋಫಿ ಕರಿಕರಿ ಎಂಬ ಅರಸನನ್ನು ಇಳಿಸಿಯೇ ಬಿಟ್ಟರು. ಅವರ ಚಿನ್ನದ ಪೀಠದಲ್ಲಿ ಇಡೀ ಜನಾಂಗದ ಆತ್ಮ ಇದೆ ಅನ್ನೋದು ನಂಬಿಕೆ. ಅರಸನೂ ಅದರ ಮೇಲೆ ಕೂರುವಂತಿಲ್ಲ. ಲೆಸೊಥೊದ ಬಸೊಥೊ ಜನರಿಗೆ 'ಪಿತ್ಸೊ' ಎಂಬ ಬಯಲು ಸಭೆ ಇತ್ತು. ಅಲ್ಲಿ ಅರಸನ ತಪ್ಪನ್ನು ಅವನ ಮುಖಕ್ಕೇ ಹೇಳಬಹುದಿತ್ತು. ಇವತ್ತಿಗೂ ಅಲ್ಲಿ ರಾಜನಿದ್ದಾನೆ, ಆದರೆ ಸರ್ಕಾರ ನಡೆಸೋದು ಚುನಾಯಿತ ಪ್ರಧಾನಿ.

ಕಡಿವಾಣ ಕಳಚಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಸ್ವಾಜಿಲ್ಯಾಂಡಿನ ರಾಜ ಎರಡನೇ ಸೊಭುಜಾ 1973ರಲ್ಲಿ ಸಂವಿಧಾನವನ್ನೇ ರದ್ದು ಮಾಡಿ ಪಕ್ಷಗಳನ್ನು ನಿಷೇಧಿಸಿದ. ಅವನ ಮಗ ಮೂರನೇ ಎಂಸ್ವಾಟಿ ಕೂತಿರೋದು 1986ರಿಂದ. ವಕಾಂಡಾ ತೆರೆಗೆ ಬಂದ ಎರಡೇ ತಿಂಗಳಿಗೆ, 2018ರ ಏಪ್ರಿಲ್‌ನಲ್ಲಿ, ದೇಶದ ಹೆಸರು ಇನ್ನುಮುಂದೆ ಎಸ್ವಾಟಿನಿ ಅಂತ ಸ್ಟೇಡಿಯಮ್ಮಿನಲ್ಲಿ ಘೋಷಿಸಿದ. 2021ರಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಬೀದಿಗಿಳಿದ ಯುವಕರಿಗೆ ಸಿಕ್ಕಿದ್ದು ಗುಂಡು.

ಸಿನಿಮಾ ಈ ಪ್ರಶ್ನೆಯ ಬಾಗಿಲವರೆಗೂ ಹೋಗಿ, ಒಳ್ಳೇ ರಾಜ ವಾಪಸ್ ಬಂದ ಅಂತ ನಮ್ಮನ್ನು ಸಮಾಧಾನ ಮಾಡಿ ಕಳಿಸುತ್ತೆ. ನಾವೂ ಸಮಾಧಾನವಾಗಿಬಿಡ್ತೀವಿ. ಒಬ್ಬನೇ ಬರೆದ ಹತ್ತು ಸಾಲು ಕೋಡನ್ನು ರಿವ್ಯೂ ಆಗದೆ ಪ್ರೊಡಕ್ಷನ್‌ಗೆ ಬಿಡದ ನಾವೇ, ಊಟದ ಟೇಬಲ್ಲಿನಲ್ಲಿ "ಒಬ್ಬ ಗಟ್ಟಿ ಮನುಷ್ಯ ಇದ್ದಿದ್ರೆ ದೇಶ ಸರಿಹೋಗ್ತಿತ್ತು" ಅಂತೀವಿ. ಆ ಮಾತಿಗೂ ಒಂದು ರಿವ್ಯೂ ಬೇಕು.